ಪೆನ್ನು ಪಕ್ಕದವರ ಕೈಗೆ

ಜಲಾಲ್ ತಾಲಬಾನಿಯವರನ್ನು ಕುರ್ದರು ಪ್ರೀತಿಯಿಂದ ಕರೀತಿದ್ದದ್ದು 'ಮಾಮ್ ಜಲಾಲ್' ಅಂತ. ನಮ್ಮ ಕಿವಿಗೆ ಸೋದರಮಾವ ಅಂದಂತೆ ಕೇಳಿಸುತ್ತೆ, ಆದರೆ ಕುರ್ದಿ ಭಾಷೆಯಲ್ಲಿ ಮಾಮ್ ಅಂದ್ರೆ ಚಿಕ್ಕಪ್ಪ. 1933ರಲ್ಲಿ ಹುಟ್ಟಿದವರು. ಬಾಗ್ದಾದಿನಲ್ಲಿ ಲಾ ಓದಿದರು, ಬೆಟ್ಟಗಳಲ್ಲಿ ಬಂದೂಕು ಹಿಡಿದರು, ಯುರೋಪಿಗೆ ಹೋಗಿ ಕುರ್ದರ ಪರ ಮಾತಾಡಿದರು, 1975ರಲ್ಲಿ ಸ್ವಂತ ಪಕ್ಷ ಕಟ್ಟಿದರು. 2005ರಲ್ಲಿ ಇರಾಕಿನ ಅಧ್ಯಕ್ಷರಾದರು.

ಇಷ್ಟು ದೊಡ್ಡ ಬದುಕಿನಲ್ಲಿ ನನ್ನನ್ನು ಕಾಡೋದು ಒಂದೇ ಸಂಗತಿ. ಸದ್ದಾಂ ಹುಸೇನನಿಗೆ ಮರಣದಂಡನೆ ಆದರೆ ಅದಕ್ಕೆ ನಾನು ಸಹಿ ಹಾಕಲ್ಲ ಅಂದುಬಿಟ್ಟರು.

ಹೇಳ್ತಿರೋದು ಯಾರು ನೋಡಿ. 1988ರ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ಸದ್ದಾಂನ ವಿಮಾನಗಳು ವಿಷಾನಿಲ ಸುರಿದು ಸುಮಾರು 5,000 ಕುರ್ದರನ್ನು ಕೊಂದವು. ಅದೇ ವರ್ಷದ ಅನ್ಫಾಲ್ ಕಾರ್ಯಾಚರಣೆಯಲ್ಲಿ ಸತ್ತವರು ಹತ್ತಾರು ಸಾವಿರ. ಸೇಡಿಗೆ ಇನ್ನೇನು ಕಾರಣ ಬೇಕು? ಆದರೂ ತಾಲಬಾನಿ ಒಪ್ಪಲಿಲ್ಲ. ವಕೀಲನಾಗಿ ಮರಣದಂಡನೆಯ ವಿರುದ್ಧದ ಮನವಿಗೆ ಸಹಿ ಹಾಕಿದವರು ಅವರು. ಶತ್ರು ಎದುರಿಗಿದ್ದಾನೆ ಅಂತ ಆ ಮಾತು ಬದಲಾಗಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ವಾಟ್ಸಾಪ್ ಫಾರ್ವರ್ಡಿಗೆ ಹೇಳಿ ಮಾಡಿಸಿದ ಕಥೆ. ಆದರೆ ಕಥೆ ಮುಂದಿದೆ. ಸಹಿ ಹಾಕುವ ಕೆಲಸವನ್ನು ಅವರು ಉಪಾಧ್ಯಕ್ಷರಿಗೆ ಬಿಟ್ಟರು. 2005ರ ಸೆಪ್ಟೆಂಬರಿನಲ್ಲಿ ಮೂವರು ನೇಣಿಗೆ ಹೋದದ್ದು ಹಾಗೆಯೇ. ಸದ್ದಾಂ ವಿಷಯದಲ್ಲಂತೂ ಅಧ್ಯಕ್ಷರ ಸಹಿಯೇ ಬೇಡ ಅಂತಾಯ್ತು. ಪ್ರಧಾನಿ ನೂರಿ ಅಲ್-ಮಾಲಿಕಿ ಸಹಿ ಮಾಡಿದರು, 2006ರ ಡಿಸೆಂಬರ್ 30ರ ಬೆಳಗಿನ ಜಾವ ನೇಣಾಯ್ತು. ಅದೂ ದುಜೈಲ್ ಊರಿನ 148 ಜನರ ಕೊಲೆಗೆ. ಅನ್ಫಾಲ್ ವಿಚಾರಣೆ ಇನ್ನೂ ನಡೀತಾ ಇತ್ತು. ಕುರ್ದರ ಸಾವಿಗೆ ಸದ್ದಾಂ ಹೊಣೆ ಅಂತ ಒಂದು ತೀರ್ಪು ಬರಲೇ ಇಲ್ಲ.

ಹಾಗಾದ್ರೆ ಆ 'ಇಲ್ಲ'ಕ್ಕೆ ಏನು ಬೆಲೆ? ಲೇಆಫ್ ಪಟ್ಟಿ ಬರುವ ದಿನ ನೋಡಿಕೊಂಡು ರಜೆ ಹಾಕುವ ಮ್ಯಾನೇಜರುಗಳನ್ನು ನಾವೆಲ್ಲ ಬಲ್ಲೆವು. ಮೇಲ್ ಹೋಗೋದು ಬೇರೆಯವರ ಹೆಸರಲ್ಲಿ, ಕೆಲಸ ಹೋಗೋದು ಮಾತ್ರ ಅದೇ ಜನಗಳದ್ದು. ಇದು ಮನಸ್ಸಾಕ್ಷಿನಾ, ಕೈ ತೊಳೆದುಕೊಳ್ಳೋದಾ?

ತಾಲಬಾನಿ ಪರವಾಗಿಯೂ ಒಂದು ಮಾತಿದೆ. ಕಾನೂನು ಗಲ್ಲು ಅನ್ನುತ್ತೆ, ಜತೆಗಿರುವವರೆಲ್ಲ ಹೂಂ ಅಂತಾರೆ. ಅಧ್ಯಕ್ಷನೊಬ್ಬನ ನಂಬಿಕೆಯನ್ನೇ ದೇಶದ ಕಾನೂನು ಮಾಡಿದರೆ ಅದು ಇನ್ನೊಂದು ಬಗೆಯ ಸರ್ವಾಧಿಕಾರ. ಈ ವಾದವನ್ನು ನಾನು ಸುಲಭಕ್ಕೆ ತಳ್ಳಿಹಾಕಲಾರೆ.

ಆದರೆ 2010ರಲ್ಲಿ ಸದ್ದಾಂನ ಸಹವರ್ತಿ ತಾರಿಕ್ ಅಜೀಜನಿಗೆ ಗಲ್ಲು ಶಿಕ್ಷೆಯಾದಾಗ ಇದೇ ತಾಲಬಾನಿ ಟಿವಿ ಕ್ಯಾಮೆರಾ ಮುಂದೆ ಕಾರಣ ಕೊಟ್ಟು ನಿರಾಕರಿಸಿದರು: ನಾನು ಸಮಾಜವಾದಿ, ಆತ ಎಪ್ಪತ್ತು ದಾಟಿದ ಮುದುಕ, ಇರಾಕಿನ ಕ್ರೈಸ್ತ. ಅಜೀಜನಿಗೆ ನೇಣಾಗಲಿಲ್ಲ, 2015ರಲ್ಲಿ ಸೆರೆಯಲ್ಲೇ ಸತ್ತ. ಅದು ಇವರೊಬ್ಬರಿಂದಲೇ ಆಯ್ತು ಅಂತ ನಾನು ಹೇಳಲ್ಲ. ಆದರೆ ಬಹಿರಂಗವಾಗಿ, ಕಾರಣ ಕೊಟ್ಟು ಹೇಳಿದ 'ಇಲ್ಲ'ಕ್ಕೆ ಉಳಿದವರು ಉತ್ತರ ಕೊಡಬೇಕಾಗುತ್ತೆ. ಪೆನ್ನನ್ನು ಪಕ್ಕಕ್ಕೆ ದಾಟಿಸಿದರೆ ಆ ತೊಂದರೆ ಯಾರಿಗೂ ಇಲ್ಲ.

ತಾಲಬಾನಿ 2017ರಲ್ಲಿ ತೀರಿಕೊಂಡರು. ಅವರನ್ನು ಅಳೆಯುವ ಯೋಗ್ಯತೆ ನನಗಿಲ್ಲ, ಅಷ್ಟು ಹೆಣ ನಾನು ಕಂಡಿಲ್ಲ. ಆದರೆ ಅವರಿಂದ ಒಂದು ಪ್ರಶ್ನೆ ಕಲಿತಿದ್ದೇನೆ. ಇನ್ನು ಮೇಲೆ 'ನಾನು ಮಾಡಲ್ಲ' ಅನ್ನುವ ಮುಂಚೆ, ನಾನು ಮಾಡದಿದ್ದರೆ ಇದನ್ನು ಯಾರು ಮಾಡ್ತಾರೆ, ಅವರಿಗೆ ನಾನೇನು ಹೇಳಿದೆ ಅಂತಲೂ ಕೇಳಿಕೊಳ್ಳಬೇಕು.