ಹುಡುಕಿ ತಂದ ಉತ್ತರ ಯಾರದು?

ಆಳಂದ ಕಡೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದವನು ಸಂಕೋಚದಿಂದಲೇ ಕೇಳಿದ: “ಚಾಚಾ, ಅರ್ಧಾ ಕೆಲಸ ನಾ ಗೂಗಲ್‌ದಾಗ ಹುಡುಕೇ ಮಾಡ್ತೀನ್ರಿ. ಮಂದಿ ಬರ್ದಿದ್ದು ತಂದು ಹಚ್ಚತೀನಿ. ಈ ಪಗಾರ ನನ್ನ ಹಕ್ಕಿಂದು ಹೌದೋ ಅಲ್ಲೋ?”

ನಕ್ಕು ಮರೆಯುವ ಪ್ರಶ್ನೆಯಲ್ಲ ಇದು. ಪರರ ಶ್ರಮದಿಂದ ದೊರೆತ ಜ್ಞಾನದ ಮೇಲೆ ನಮಗಿರುವ ಹಕ್ಕೇನು?

ಪ್ರೋಗ್ರಾಮರ್‌ಗಳ ದಿನಚರಿಯೇ ಹಾಗಿದೆ. ಬರೆದ ಕೋಡ್ ಓಡದೆ ನಿಂತಾಗ ಪರದೆಯ ಮೇಲೆ ದೋಷದ ಸಂದೇಶ ಮೂಡುತ್ತದೆ. ಅದರಿಂದ ತಮ್ಮ ಕಡತದ ಹೆಸರು ತೆಗೆದು, ಉಳಿದ ಸಾಲನ್ನು ಹಾಗೆಯೇ ಗೂಗಲ್‌ಗೆ ಕೊಡುತ್ತಾರೆ. ಅದೇ ಕಷ್ಟಕ್ಕೆ ಸಿಲುಕಿದ್ದ ಯಾರಿಗೋ ಇನ್ನಾರೋ ಕೊಟ್ಟ ಉತ್ತರ ಎದುರಿಗೆ ಬರುತ್ತದೆ. 2008ರಲ್ಲಿ ಆರಂಭವಾದ ಸ್ಟಾಕ್ ಓವರ್‌ಫ್ಲೋ ಇಂಥ ಉತ್ತರಗಳ ದೊಡ್ಡ ಕಣಜ. ಉತ್ತರ ಬರೆದವರಿಗೆ ಅಲ್ಲಿ ಸಂಭಾವನೆಯಿಲ್ಲ. ಅಫಜಲಪುರದ ಕನ್ನಡ ಶಾಲೆಯಲ್ಲಿ ಓದಿದವನೂ ಇಂಗ್ಲಿಷಿನಲ್ಲಿ ಪ್ರಶ್ನೆ ಹೆಣೆಯಲು ತಡವರಿಸಬೇಕಿಲ್ಲ. ಯಂತ್ರ ಕೊಟ್ಟ ಸಾಲನ್ನೇ ಮರಳಿ ಕೊಟ್ಟರಾಯಿತು. ಇಷ್ಟು ಅಗಲವಾಗಿ ತೆರೆದ ಬಾಗಿಲನ್ನು ಹೊಕ್ಕದ್ದು ತಪ್ಪಾಗಲಾರದು. ಆದರೆ ತಂದದ್ದರ ಮೂಲವನ್ನು ಮರೆಮಾಚುವುದು ತಪ್ಪು.

ಒಂದು ನಿದರ್ಶನ ನೋಡಿ. 2010ರಲ್ಲಿ ಆಂಡ್ರಿಯಾಸ್ ಲುಂಡ್‌ಬ್ಲಾಡ್ ಎಂಬವರು ಆ ತಾಣದಲ್ಲಿ ಕೆಲವೇ ಸಾಲುಗಳ ಜಾವಾ ಕೋಡ್ ಬರೆದರು. ಕಡತದ ಗಾತ್ರವನ್ನು ಬೈಟ್‌ಗಳಿಂದ ಕೆಬಿ, ಎಂಬಿಗೆ ತಿರುಗಿಸುವ ಕೋಡ್ ಅದು. ಅಲ್ಲಿಂದ ಅತಿ ಹೆಚ್ಚು ನಕಲಾದ ಜಾವಾ ಕೋಡ್ ಅದೇ ಎಂದು ಮುಂದೆ ಸಂಶೋಧಕರು ಕಂಡುಕೊಂಡರು. ಸಾವಿರಾರು ಪ್ರಾಜೆಕ್ಟ್‌ಗಳಲ್ಲಿ ಅದು ಸೇರಿಹೋಗಿತ್ತು. 2019ರಲ್ಲಿ ಲುಂಡ್‌ಬ್ಲಾಡ್ ಅವರೇ ಬಹಿರಂಗವಾಗಿ ಬರೆದರು: ನನ್ನ ಕೋಡಿನಲ್ಲಿ ತಪ್ಪಿದೆ! 9,99,999 ಬೈಟ್‌ಗಳನ್ನು ಅದು 1 ಎಂಬಿ ಎನ್ನದೆ 1000 ಕೆಬಿ ಎನ್ನುತ್ತಿತ್ತು. ಅವರು ಮೂಲವನ್ನು ತಿದ್ದಿದರು. ಎಲ್ಲಿಂದ ತಂದೆನೆಂದು ಕೋಡಿನ ಪಕ್ಕದಲ್ಲೇ ಬರೆದಿಟ್ಟವನು ಮರಳಿ ಹೋಗಿ ನೋಡಬಲ್ಲ. ತನ್ನದೆಂದು ಹೇಳಿಕೊಂಡವನಿಗೆ ಆ ತಿದ್ದುಪಡಿ ತಲುಪುವುದಾದರೂ ಹೇಗೆ? ಮೂಲವನ್ನು ಹೆಸರಿಸಬೇಕೆಂಬುದು ಆ ತಾಣದ ಪರವಾನಗಿಯ ಷರತ್ತೂ ಹೌದು.

ನಮ್ಮ ತೊಗರಿಯ ನಾಡಿಗೆ ಇದು ತಿಳಿಯದ ಮಾತಲ್ಲ. ಜೇವರ್ಗಿಯ ಬೀಗರಿಂದ ಬಿತ್ತನೆ ಬೀಜ ತಂದವನು, ತನ್ನಿಂದ ಪಡೆಯುವವನಿಗೆ ಅದು ಯಾರದೆಂದು ಹೇಳಿಯೇ ಕೊಡಬೇಕು. ಬೀಜ ಸರಿಯಾಗಿ ಮೊಳೆಯಲಿಲ್ಲವೆಂಬ ಸುದ್ದಿ ಆಗ ಬಿತ್ತುವ ಮೊದಲೇ ಎಲ್ಲರಿಗೂ ಮುಟ್ಟುತ್ತದೆ. ಮೂಲ ಮುಚ್ಚಿಟ್ಟರೆ ಬೀಜ ಊರೂರು ದಾಟುತ್ತದೆ, ಸುದ್ದಿ ದಾಟುವುದಿಲ್ಲ.

ಇಂದು ಕೃತಕ ಬುದ್ಧಿಮತ್ತೆ ಹುಡುಕುವ ಶ್ರಮವನ್ನೂ ಉಳಿಸಿ ಕೋಡನ್ನೇ ಬರೆದುಕೊಡುತ್ತಿದೆ. ಅದು ಯಾರಿಂದ ಕಲಿತದ್ದೆಂಬ ಗುರುತು ಎಷ್ಟೋ ಸಲ ಇರುವುದಿಲ್ಲ. ಅರ್ಥ ಮಾಡಿಕೊಂಡು, ಪರೀಕ್ಷಿಸಿ ಬಳಸುವ ಹೊಣೆ ಆಗ ಇನ್ನೂ ಹೆಚ್ಚುತ್ತದೆ.

ಹುಡುಗನಿಗೆ ಹೇಳಿದೆ: “ಪಗಾರ ನಿನ್ನ ಹಕ್ಕಿಂದೇ ಬೇಟಾ. ಹುಡುಕಿದ್ದು, ತಿಳ್ಕೊಂಡು ಹಚ್ಚಿದ್ದು ನಿನ್ನ ದುಡಿಮಿ. ಆದ್ರ ಯಾರ್ದಂತ ಬರ್ದಿಡು. ಮುಯ್ಯಾಳಾಗಿ ಬಂದವರ ಹೊಲಕ್ಕ ನಾವೂ ಹೋಗಬೇಕಲ್ಲ? ಮಂದಿ ಕಷ್ಟಕ್ಕ ನೀನೂ ಒಂದು ಉತ್ತರ ಬರಿ.”

“ತಪ್ಪು ಬರ್ದ್ರ?” ಎಂದ.

“ಆ ಲುಂಡ್‌ಬ್ಲಾಡ್ ಮಾಡಿದ್ದನ್ನೇ ಮಾಡು” ಎಂದೆ.