ಎದೆಯ ಮೇಲಣ ಕಣ್ಣು

ಪೊಲೀಸರು ಎದೆಯ ಮೇಲೆ ಕ್ಯಾಮೆರಾ ಧರಿಸುವ ಪದ್ಧತಿ ಎಷ್ಟರಮಟ್ಟಿಗೆ ಹಬ್ಬಿದೆಯೆಂದು ತಿಳಿಯಲು ಅಮೆರಿಕ ದೇಶದ ನ್ಯಾಯ ಇಲಾಖೆಯ ಅಂಕಿಸಂಖ್ಯಾ ವಿಭಾಗವು ಅಲ್ಲಿಯ ಪೊಲೀಸ್ ಸಂಸ್ಥೆಗಳಲ್ಲಿ ಸಮೀಕ್ಷೆಯೊಂದನ್ನು ನಡೆಸಿತು. 2016ರ ವೇಳೆಗೆ ನೂರಕ್ಕೆ 47ರಷ್ಟು ಸಂಸ್ಥೆಗಳು ಇವನ್ನು ಪಡೆದಿದ್ದವು. ದೊಡ್ಡ ಇಲಾಖೆಗಳಲ್ಲಿ ನೂರಕ್ಕೆ 80. ಏತಕ್ಕಾಗಿ ಎಂಬ ಪ್ರಶ್ನೆಗೆ ಸಿಬ್ಬಂದಿಯ ಸುರಕ್ಷೆ, ಉತ್ತಮ ಸಾಕ್ಷ್ಯ, ದೂರುಗಳ ಇಳಿಕೆ ಎಂಬ ಉತ್ತರಗಳು ಬಂದವು. ಉತ್ತರಿಸಿದವರೆಲ್ಲ ಕ್ಯಾಮೆರಾ ಧರಿಸುವ ಪಕ್ಷದವರೇ. ಅದರ ಎದುರಿಗೆ ನಿಲ್ಲುವವನನ್ನು ಅಲ್ಲಿ ಯಾರೂ ಕೇಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇದು ದೂರದೇಶದ ಮಾತಾಗಿ ಉಳಿದಿಲ್ಲ. ಬೆಂಗಳೂರಿನ ಸಂಚಾರಿ ಪೊಲೀಸರ ಎದೆಯ ಮೇಲೆ ಈ ಯಂತ್ರವನ್ನು ಕಂಡವರುಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮಿನಂತೆ ಶೋಧನೆ, ಜಪ್ತಿಗಳನ್ನು ದೃಶ್ಯ-ಶ್ರವ್ಯ ರೂಪದಲ್ಲಿ ದಾಖಲಿಸಲೇಬೇಕು. ಚಿತ್ತಾಪುರ, ವಾಡಿ, ಚಿಂಚೋಳಿಯ ಠಾಣೆಗಳೂ ಇದಕ್ಕೆ ಹೊರತಲ್ಲ.

ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದಲ್ಲಿ ಒಂದು ಉಂಗುರದ ಕಥೆಯಿದೆ. ಅದನ್ನು ತೊಟ್ಟವನು ಯಾರ ಕಣ್ಣಿಗೂ ಬೀಳನು. ಹಾಗಿದ್ದೂ ಅವನು ನ್ಯಾಯವಂತನಾಗಿ ಉಳಿದಾನೆಯೇ ಎಂಬುದು ಅಲ್ಲಿಯ ಪ್ರಶ್ನೆ. ಕ್ಯಾಮೆರಾ ಆ ಉಂಗುರಕ್ಕೆ ತದ್ವಿರುದ್ಧವಾದ ವಸ್ತು. ನೋಡುವವರಿದ್ದಾರೆಂಬ ಅಂಜಿಕೆಯಿಂದ ತಡೆದ ಕೈ ಧರ್ಮದ ಕೈಯಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಶಾಸ್ತ್ರದೃಷ್ಟಿಯಿಂದ ಅದು ಸರಿಯೇ. ಆದರೆ ಶಹಾಬಾದಿನ ಕಲ್ಲುಗಣಿಯಿಂದ ಕತ್ತಲಲ್ಲಿ ಮನೆಗೆ ಮರಳುವ ಕೂಲಿಕಾರನಿಗೆ ಪೇದೆಯ ಆತ್ಮೋನ್ನತಿಗಿಂತ ತನ್ನ ಬೆನ್ನಿನ ಚಿಂತೆ ದೊಡ್ಡದು. ಅಂಜಿಕೆಯಿಂದಲಾದರೂ ಲಾಠಿ ಕೆಳಗಿಳಿದರೆ ಅವನ ಪಾಲಿಗೆ ಅದೇ ನ್ಯಾಯ. ಈ ವಿಷಯದಲ್ಲಿ ನಾವು ಕೂಲಿಕಾರನ ಪಕ್ಷದವರು.

ಆದರೆ ಲಾಠಿ ಇಳಿಯುವುದೇ? ವಾಷಿಂಗ್ಟನ್ ನಗರದ ಎರಡು ಸಾವಿರಕ್ಕೂ ಮಿಕ್ಕ ಪೊಲೀಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಹೊರಬಂದಿತು. ಕ್ಯಾಮೆರಾ ತೊಟ್ಟವರಿಗೂ ತೊಡದವರಿಗೂ ಬಲಪ್ರಯೋಗದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಉಸಿರುಕಟ್ಟಿ ಸತ್ತಾಗ ಪೊಲೀಸರಲ್ಲಿ ಕ್ಯಾಮೆರಾಗಳಿದ್ದವು. ಲೋಕವು ಮೊದಲು ಕಂಡದ್ದು ದಾರಿಯಲ್ಲಿ ನಿಂತಿದ್ದ ಹುಡುಗಿಯೊಬ್ಬಳು ತನ್ನ ಫೋನಿನಲ್ಲಿ ಹಿಡಿದ ದೃಶ್ಯವನ್ನು. ಚಿತ್ರವನ್ನು ಕಾಯ್ದಿಡುವವರೂ ಕೇಳಿದಾಗ ಕೊಡುವವರೂ ತಮ್ಮವರೇ ಎಂದು ತಿಳಿದಲ್ಲಿ ಆ ಕಣ್ಣಿಗೆ ಅಂಜುವವರಾರು? (ನೊಂದ ಹೆಣ್ಣುಮಗಳು ದೂರು ಹೇಳಿಕೊಳ್ಳುವಾಗಲೂ ಅದು ತೆರೆದಿರಬೇಕೇ ಎಂಬುದು ಬೇರೆಯೇ ಆದ ಪ್ರಶ್ನೆ, ಅವಳ ಒಪ್ಪಿಗೆಯಿಲ್ಲದೆ ಕೂಡದೆಂದು ನಮ್ಮ ಮತ.)

ಆದಕಾರಣ ಯಂತ್ರಕ್ಕಿಂತ ಅದರ ದಾಖಲೆಯ ಹಕ್ಕು ಯಾರದೆಂಬುದೇ ಮುಖ್ಯ. 2020ರ ಡಿಸೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯವು ಪ್ರತಿಯೊಂದು ಠಾಣೆಯಲ್ಲಿಯೂ ಕ್ಯಾಮೆರಾ ಇಡಬೇಕು, ಚಿತ್ರಗಳನ್ನು 18 ತಿಂಗಳು ಕಾಯ್ದಿಡಬೇಕು, ಠಾಣೆಯಲ್ಲಿ ಬಲಪ್ರಯೋಗದಿಂದ ತೀವ್ರ ಗಾಯವೋ ಸಾವೋ ಸಂಭವಿಸಿದರೆ ಮಾನವ ಹಕ್ಕುಗಳ ಆಯೋಗವು ಅವನ್ನು ತರಿಸಿಕೊಳ್ಳಬಹುದು ಎಂದು ಆಜ್ಞಾಪಿಸಿತು. ಈ ವಿಷಯವನ್ನು ಜನರ ಭಾಷೆಯಲ್ಲಿಯೂ ದೊಡ್ಡದಾಗಿ ಬರೆದು ಠಾಣೆಯ ಬಾಗಿಲಲ್ಲಿ ಹಚ್ಚಬೇಕೆಂದೂ ಹೇಳಿತು. ವಾಚಕರು ಕೆಲಸದ ನಿಮಿತ್ತ ಠಾಣೆಗೆ ಹೋದಾಗ ಆ ಫಲಕ ಕನ್ನಡದಲ್ಲಿದೆಯೇ ಎಂದು ನೋಡಬೇಕು. ಪಕ್ಕದಲ್ಲಿ ಓದುಬಾರದವನೊಬ್ಬ ನಿಂತಿದ್ದರೆ ಅವನಿಗೆ ಕೇಳುವಂತೆ ಗಟ್ಟಿಯಾಗಿ ಓದಬೇಕು.