ಹೆಣೆಯುವ ಕೈಗೆ ನೆಂಟರು ಯಾರು?

ಪರದೇಶಕ್ಕೆ ಹೋದಾಗ ಅಂಗಡಿ, ಸಮುದ್ರ, ಗೋಪುರ ನೋಡಿ ಬರುವುದಕ್ಕಿಂತ ನಮ್ಮದೇ ಕಸುಬಿನವರ ಮನೆ ಹುಡುಕಿ, ಅವರ ಪಕ್ಕ ಕೂತು, ಅವರ ಕೈ ನೋಡಿ ಕಲಿಯುವುದು ದೊಡ್ಡದು. ಇದನ್ನು ಎಲ್ಲರೂ ಒಪ್ಪುತ್ತಾರೆ. ನಾವು ಕೇಳುವುದು ಇಷ್ಟೇ: ಹಾಗೆ ಹೊರಡುವ ಹಕ್ಕು ಯಾರಿಗಿದೆ? ಬಂದವನನ್ನು ಅಂಗಳದಿಂದ ಒಳಗೆ ಕರೆಯುವವರು ಯಾರು?

ನಮ್ಮ ಕರಾವಳಿಗೆ ಈ ದಾರಿ ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ. ಜರ್ಮನಿಯ ವಿದ್ಯೆ ಇಲ್ಲಿನ ಮಣ್ಣಿಗೆ ಹೊಂದಿಕೊಂಡಿತು. ಮುಂದೆ ಕುಂದಾಪುರದಲ್ಲೂ ಹಂಚಿನ ಗೂಡು ಉರಿಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1964ರಲ್ಲಿ ವಿಶ್ವ ಕರಕುಶಲ ಮಂಡಳಿಯನ್ನು ಕಟ್ಟಿದವರಲ್ಲಿ ಒಬ್ಬರು. ದಾರಿ ಇತ್ತು. ಆ ದಾರಿಯಲ್ಲಿ ಕೊರಗರು ಎಷ್ಟು ದೂರ ನಡೆಯಬಹುದಿತ್ತು?

ಬೈಂದೂರು, ಕುಂದಾಪುರ, ಬ್ರಹ್ಮಾವರದ ಯಾವ ಹಳೆಯ ಮನೆಗೆ ಹೋದರೂ ಕೊರಗರು ಹೆಣೆದ ಹೆಡಿಗೆಯೋ ಬುಟ್ಟಿಯೋ ಇದ್ದೇ ಇತ್ತು. ಕಾಡಿನ ಬಿಳಲು ತರಬೇಕು, ಸಿಪ್ಪೆ ತೆಗೆಯಬೇಕು, ಸೀಳಬೇಕು, ಹಸಿ ಆರುವ ಮೊದಲೇ ಹೆಣೆಯಬೇಕು. ಆ ಬುಟ್ಟಿಯಲ್ಲಿ ಹೊತ್ತ ಭತ್ತ ಒಳಗೆ ಹೋಯಿತು, ಗೊಬ್ಬರ ಗದ್ದೆಗೆ ಹೋಯಿತು. ಹೆಣೆದವನು ಮಾತ್ರ ಹೊರಗೆ ಉಳಿದ. ಬುಟ್ಟಿಗೆ ಮೈಲಿಗೆ ಇಲ್ಲ, ಕೈಗೆ ಮೈಲಿಗೆ! ಇದು ಎಂಥ ಲೆಕ್ಕ ಮಾರಾಯ್ರೆ? ಅಜಲು ಎಂಬ ಹೆಸರಿನಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಈ ಜನಕ್ಕೆ ತಿನ್ನಿಸಿದರು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮುಂಚೆ ಓಡಿಸಿದರು. ಇದನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬೇಕಾಯಿತು.

ಜಾತಿ ಕೆಲಸವನ್ನು ಹಂಚಿದ್ದಲ್ಲ, ಕೆಲಸಗಾರರನ್ನೇ ಒಡೆದದ್ದು ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ಬಡಗಿ, ಕಮ್ಮಾರ, ನೇಕಾರ, ಬುಟ್ಟಿ ಹೆಣೆಯುವವ ಒಂದೇ ಊರಲ್ಲಿದ್ದರೂ ಒಬ್ಬರ ಜಗಲಿಯಲ್ಲಿ ಇನ್ನೊಬ್ಬರು ಕೂತು ಕಲಿಯಲಾಗಲಿಲ್ಲ. ಪಕ್ಕದ ಮನೆಯೇ ಪರದೇಶವಾದ ಮೇಲೆ ಕಡಲಾಚೆಯ ಮಾತೆಲ್ಲಿ?

ಆದರೂ ಕಡಲಾಚೆ ನೋಡೋಣ. ಜಪಾನಿನಲ್ಲೂ ನಮ್ಮ ಹಾಗೆ ಹೊರಗಿಟ್ಟ ಜನರಿದ್ದಾರೆ, ಬುರಾಕುಮಿನ್ ಎನ್ನುತ್ತಾರೆ. ಚರ್ಮದ ಕೆಲಸ ಅವರದು. 1871ರಲ್ಲಿ ಸರ್ಕಾರ ಆ ಕೀಳು ಪಟ್ಟವನ್ನು ಕಾಗದದ ಮೇಲೆ ತೆಗೆಯಿತು, ಮನಸ್ಸಿನಿಂದ ಹೋಗಲಿಲ್ಲ. 1922ರಲ್ಲಿ ಕ್ಯೋಟೊದಲ್ಲಿ ಸುಯಿಹೇಶಾ ಎಂಬ ಸಂಘ ಕಟ್ಟಿ ಎದ್ದು ನಿಂತರು. ಒಸಾಕಾದ ನಾನಿವಾದಲ್ಲಿ ಇವರು ನಗಾರಿ ಮಾಡುತ್ತಿದ್ದರು. ಬಾರಿಸಿದವನಿಗೆ ಚಪ್ಪಾಳೆ, ಚರ್ಮ ಬಿಗಿದವನಿಗೆ ತಾತ್ಸಾರ. 1987ರಲ್ಲಿ ಅಲ್ಲಿನ ಯುವಕರು ತಮ್ಮದೇ ನಗಾರಿ ತಂಡ ಕಟ್ಟಿದರು. ಇಟ್ಟ ಹೆಸರು ಇಕಾರಿ, ಅಂದರೆ ಸಿಟ್ಟು. ಅದೇ ದೇಶದಲ್ಲಿ 1967ರಲ್ಲಿ ಬೆಪ್ಪು ಊರಿನ ಶೋನೊ ಶೋಉನ್‌ಸಾಯ್ ಎಂಬ ಬಿದಿರು ಹೆಣೆಯುವವರನ್ನು ದೇಶದ ಜೀವಂತ ನಿಧಿ ಎಂದು ಗೌರವಿಸಿದರು. ಬಿದಿರು ಕಸುಬಿಗೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು.

ಡೋಲು ಬಡಿಯುವ, ಬುಟ್ಟಿ ಹೆಣೆಯುವ ನಮ್ಮ ಕೊರಗರಿಗೆ ನಿಜವಾದ ನೆಂಟರು ಇವರು. ಬೆಪ್ಪುವಿನಲ್ಲಿ ಹೆಣಿಗೆ ಕಲಿಯಬಹುದು, ನಾನಿವಾದಲ್ಲಿ ಸಿಟ್ಟು ಕಲಿಯಬಹುದು. ಎರಡೂ ಬೇಕು. ಸಿಟ್ಟಿಲ್ಲದ ಕಸುಬು ಮತ್ತೊಂದು ಬಿಟ್ಟಿ ಚಾಕರಿಯಾಗುತ್ತದೆ.

ಇಲ್ಲಿ ಕೆಲವರು ಮರುಗುತ್ತಾರೆ: ‘ಹ್ವಾಯ್, ಕೊರಗರ ಮಕ್ಕಳು ಶಾಲೆಗೆ ಹೋಗಿ ಬುಟ್ಟಿ ಬಿಟ್ರೆ ಕಲೆ ಹೋಯ್ತಲ್ದಾ?’ ಕಲೆಯ ಮೇಲೆ ಅಷ್ಟು ಪ್ರೀತಿ ಇದ್ದರೆ ನಿಮ್ಮ ಮಕ್ಕಳನ್ನು ಕೊರಗರ ಹಾಡಿಗೆ ಕಳಿಸಿ, ಶಿಷ್ಯರಾಗಿ ಕೂರಿಸಿ. ಬಿಡುವ ಹಕ್ಕಿಲ್ಲದ ಕಸುಬು ಕಲೆಯಲ್ಲ, ಜೀತ. ಬಿಡಲು ಬಾಗಿಲು ತೆರೆದಿದ್ದೂ ಒಬ್ಬಳು ಕೊರಗ ಹುಡುಗಿ ಬಿಳಲನ್ನೇ ಹಿಡಿದರೆ, ಅವಳ ಕೈಗೆ ಪಾಸ್‌ಪೋರ್ಟು ಕೊಡುವುದು ಸಮಾಜದ ಋಣ.

ಆದರೆ ಮೇಳದ ಮಳಿಗೆಯಲ್ಲಿ ಗೊಂಬೆಯಂತೆ ಕೂರಿಸಲು ಅವಳನ್ನು ಕಳಿಸುವುದು ಬೇಡ. ಕೇಳಲು, ಕಲಿಯಲು, ಕಲಿಸಲು ಹೋಗಲಿ. ಎರಡು ಕೈಗಳು ಸರಿಸಮನಾಗಿ ಒಂದೇ ಚಾಪೆಯ ಮೇಲೆ ಕೂರದ ಹೊರತು ಕಲಿಕೆ ಎಂಬುದಿಲ್ಲ. ಆ ಚಾಪೆಯನ್ನು ಮೊದಲು ನಮ್ಮೂರಿನ ಜಗಲಿಯಲ್ಲಿ ಹಾಸಬೇಕು.